ಸಾರಾಂಶವನ್ನು ಒಪ್ಪದ ವಕೀಲ

ಅಧಿಕಾರಸ್ಥರ ಮೇಲಿನ ಹಗೆಯನ್ನೇ ಅಭಿಯೋಜಕನ ಧೈರ್ಯವೆಂದು ಬಗೆಯುವವರುಂಟು. ಅಮೆರಿಕದ ಆರ್ಚಿಬಾಲ್ಡ್ ಕಾಕ್ಸರನ್ನು ನೆನೆದಾಗಲೆಲ್ಲ ಆ ಧೈರ್ಯದ ನೆಲೆ ಬೇರೆಯೆಂದೇ ನನಗೆ ತೋರುತ್ತದೆ.

ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1973ರ ಮೇ ತಿಂಗಳಲ್ಲಿ ವಾಟರ್‌ಗೇಟ್ ತನಿಖೆಯ ವಿಶೇಷ ಅಭಿಯೋಜಕರಾದರು. ವಿರೋಧಪಕ್ಷದ ಕಚೇರಿಗೆ ಕನ್ನವಿಕ್ಕಿದ ಪ್ರಕರಣದ ಜಾಡು ಶ್ವೇತಭವನವನ್ನು ಮುಟ್ಟಿದಾಗ, ಅಧ್ಯಕ್ಷ ನಿಕ್ಸನ್ನರ ಮಾತುಕತೆಗಳ ಒಂಬತ್ತು ಧ್ವನಿಸುರುಳಿಗಳನ್ನು ಕೇಳಿದರು. ಸುರುಳಿಗಳ ಬದಲು ಸಾರಾಂಶವನ್ನು ಕೊಡುವೆವು, ಮುಂದೆ ಮತ್ತೇನನ್ನೂ ಕೇಳಬಾರದು ಎಂಬ ರಾಜಿ ಎದುರಾಯಿತು. ಸಾರಾಂಶವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲಲಾರದೆಂದು ಕಾಕ್ಸ್ ನಿರಾಕರಿಸಿದರು.

ಅಕ್ಟೋಬರ್ 20ರಂದು ಅವರನ್ನು ವಜಾ ಮಾಡುವಂತೆ ಅಪ್ಪಣೆಯಾಯಿತು. ಒಂದು ಕಾಲದಲ್ಲಿ ಕಾಕ್ಸರ ಶಿಷ್ಯರಾಗಿದ್ದ ಅಟಾರ್ನಿ ಜನರಲ್ ರಿಚರ್ಡ್‌ಸನ್, ತನಿಖೆಯ ಸ್ವಾತಂತ್ರ್ಯದ ಬಗ್ಗೆ ಸೆನೆಟ್ಟಿಗೆ ಕೊಟ್ಟ ಮಾತಿಗೆ ತಪ್ಪಲಾರದೆ ಪದವಿಯನ್ನೇ ತೊರೆದರು. ಅವರ ಕೈಕೆಳಗಿನ ರಕಲ್ಸ್‌ಹೌಸರೂ ಒಲ್ಲೆನೆಂದರು. ಮೂರನೆಯವರಾದ ಬೋರ್ಕ್ ಅಪ್ಪಣೆಯನ್ನು ನೆರವೇರಿಸಿದರು.

ಕಾಕ್ಸರ ಸ್ಥಾನಕ್ಕೆ ಬಂದ ಜವೋರ್ಸ್ಕಿಯವರೂ ಸುರುಳಿಗಳನ್ನೇ ಕೇಳಿದರು. 1974ರ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯವು ಅವನ್ನು ಒಪ್ಪಿಸಬೇಕೆಂದು ಒಮ್ಮತದ ತೀರ್ಪಿತ್ತಿತು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರವನ್ನು ಬಿಟ್ಟರು. ಈ ಫಲವನ್ನು ಕಾಕ್ಸ್ ಮುಂದಾಗಿ ಬಲ್ಲವರಲ್ಲ. ಸಾರಾಂಶಕ್ಕೆ ತಲೆಯಾಡಿಸಿದ್ದರೆ ಪದವಿ ಉಳಿಯುತ್ತಿತ್ತು. ಅವರು ಸಾಕ್ಷ್ಯವನ್ನು ಹಿಡಿದು ನಿಂತರು. ಗುರುವಿನ ನಿಷ್ಠೆ ಶಿಷ್ಯನ ನಡತೆಯಲ್ಲಿಯೂ ಕಾಣಿಸಿಕೊಂಡ ಆ ದಿನವನ್ನು ನಮ್ಮ ಕಾನೂನು ವಿದ್ಯಾರ್ಥಿಗಳು ಮರೆಯಬಾರದು.