ಗಂಗಾವತಿಯ ಅಕ್ಕಿ, ನೈರೋಬಿಯ ತಟ್ಟೆ



2023ರ ಜುಲೈ ತಿಂಗಳು ನಿಮಗೆ ನೆನಪಿರಬಹುದು. ಆ ತಿಂಗಳ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಗಂಗಾವತಿ, ಸಿಂಧನೂರು ಕಡೆ ತುಂಗಭದ್ರಾ ನಾಲೆಯ ನೀರಿನಲ್ಲಿ ಬೆಳೆಯುವ ನಮ್ಮ ಸೋನಾ ಮಸೂರಿಯೂ ಅದರಲ್ಲಿ ಸೇರಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಜನ ಅಕ್ಕಿ ಮೂಟೆಗೆ ಮುಗಿಬಿದ್ದ ವಿಡಿಯೋಗಳು ನೈರೋಬಿಯ ನಮಗೂ ಬಂದವು. "ದೆಹಲಿಯಲ್ಲಿ ಆದೇಶ ಹೊರಟರೆ ಇಲ್ಲಿ ಬೆಲೆ ಏಕೆ ಏರಬೇಕು?" ಎಂದು ನಮ್ಮ ಸಂಘದ ಗೆಳೆಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ!

ಕೀನ್ಯಾದಲ್ಲೂ ಭತ್ತ ಬೆಳೆಯುತ್ತಾರೆ. ನೈರೋಬಿಯಿಂದ ಸುಮಾರು 100 ಕಿ.ಮೀ. ದೂರದ ಮ್ವೇಯಾದ ಗದ್ದೆಗಳನ್ನು ನೋಡಿದರೆ ಮಂಡ್ಯದ ನೆನಪಾಗುತ್ತದೆ. ಆದರೆ ಅದು ದೇಶಕ್ಕೆ ಸಾಲದು. ಹೆಚ್ಚಿನ ಅಕ್ಕಿ ಪಾಕಿಸ್ತಾನ, ಥಾಯ್ಲೆಂಡ್ ಮುಂತಾದ ಕಡೆಯಿಂದ ಮೊಂಬಾಸಾ ಬಂದರಿಗೆ ಬರುತ್ತದೆ. ಹಾಗಿದ್ದರೆ ಭಾರತದ ನಿಷೇಧ ಇಲ್ಲಿಗೇಕೆ ತಟ್ಟಬೇಕು? ಜಗತ್ತಿನ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ಸುಮಾರು ಶೇ. 40. ಅಷ್ಟು ದೊಡ್ಡ ಅಂಗಡಿ ಬಾಗಿಲು ಹಾಕಿದರೆ ಗಿರಾಕಿಗಳೆಲ್ಲ ಪಕ್ಕದ ಅಂಗಡಿಗೆ ಓಡುತ್ತಾರೆ, ಅಲ್ಲಿಯೂ ಬೆಲೆ ಏರುತ್ತದೆ. ಆಗಿದ್ದೂ ಹೀಗೆಯೇ. ಆಗಸ್ಟ್ ಹೊತ್ತಿಗೆ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಹೋಯಿತು.

ಎರಡನೆಯ ಪೆಟ್ಟು ಡಾಲರಿನದು. ಆಮದುದಾರರು ಹಣ ಕೊಡುವುದು ಡಾಲರಿನಲ್ಲಿ. 2023ರ ಆರಂಭದಲ್ಲಿ ಸುಮಾರು 123 ಶಿಲ್ಲಿಂಗಿಗೆ ಸಿಗುತ್ತಿದ್ದ ಡಾಲರು 2024ರ ಜನವರಿಯಲ್ಲಿ 160ರ ಆಸುಪಾಸಿಗೆ ಬಂತು. ಅಂದರೆ ಅಕ್ಕಿಯ ಬೆಲೆ ಏರದಿದ್ದರೂ ನಾವು ಹೆಚ್ಚು ಶಿಲ್ಲಿಂಗ್ ತೆರಬೇಕಿತ್ತು!

ನಮ್ಮಂಥವರು ಬ್ರಾಂಡ್ ಬದಲಿಸಿ ಸುಮ್ಮನಾದೆವು. ದಿನಗೂಲಿಯಲ್ಲಿ ಬದುಕುವವರ ಪಾಡು ಬೇರೆ. ಅವರ ಮುಖ್ಯ ಆಹಾರ ಉಗಾಲಿ, ನಮ್ಮ ರಾಗಿಮುದ್ದೆಯ ಹಾಗೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅದಕ್ಕೂ ಹೊರಗಿನ ಬಿಸಿ ತಟ್ಟುತ್ತದೆ. ಏಕೆಂದರೆ ಜೋಳ ಇಲ್ಲಿಯದಾದರೂ ಗೊಬ್ಬರ ಹೊರಗಿನದು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ 50 ಕಿಲೋ ಗೊಬ್ಬರದ ಚೀಲ 6,000 ಶಿಲ್ಲಿಂಗ್ ದಾಟಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಸಬ್ಸಿಡಿ ಕೊಟ್ಟು 3,500ಕ್ಕೆ ಇಳಿಸಬೇಕಾಯಿತು. ಅದರ ಜೊತೆಗೇ ಮಳೆ ಬೇರೆ ಕೈಕೊಟ್ಟಿತ್ತು. ಗಳಿಕೆಯ ಬಹುಪಾಲು ಊಟಕ್ಕೇ ಹೋಗುವ ಮನೆಯಲ್ಲಿ ಬೆಲೆ ಏರಿದರೆ ಒಂದು ಹೊತ್ತಿನ ಊಟವೇ ಕಡಿಮೆಯಾಗುತ್ತದೆ, ಇಲ್ಲವೇ ಮಗುವಿನ ಶಾಲಾ ಫೀಸು ನಿಲ್ಲುತ್ತದೆ.

ಹಾಗೆಂದು ಭಾರತವನ್ನೇ ದೂರುವುದು ಸರಿಯಲ್ಲ. ಎಲ್ ನಿನೋ ಭಯ, ಏರುತ್ತಿದ್ದ ದೇಶದೊಳಗಿನ ಬೆಲೆ, ತನ್ನ ಬಡವರ ಚಿಂತೆ, ಎಲ್ಲವೂ ನಿಜವೇ. ಆದರೆ ದಿಢೀರ್ ನಿಷೇಧದ ಭಾರ ಹೊರುವವರು ಮತ್ತೊಂದು ದೇಶದ ಬಡವರು. ಒಳ್ಳೆಯ ಬೆಲೆ ಸಿಗಬಹುದಾಗಿದ್ದ ಹೊತ್ತಿನಲ್ಲಿ ಗಂಗಾವತಿಯ ರೈತನಿಗೂ ಹೊರಗಿನ ಮಾರುಕಟ್ಟೆ ತಪ್ಪುತ್ತದೆ. ಮುಂಚಿತವಾಗಿ ತಿಳಿಸಿ, ಮಿತಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕಳಿಸಿದ್ದರೆ ಗಾಬರಿ ಇಷ್ಟಾಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ನಿಷೇಧ 2024ರ ಸೆಪ್ಟೆಂಬರ್ 28ರಂದು ತೆರವಾಯಿತು.

ಇಂಥದು ಮತ್ತೆ ಬಂದೇ ಬರುತ್ತದೆ. ಆಗ ಮೂಟೆಗಟ್ಟಲೆ ಕೂಡಿಡುವುದು ಬೇಡ, ಅದರಿಂದ ಬೆಲೆ ಇನ್ನಷ್ಟು ಏರುತ್ತದೆ. ಘಮಘಮಿಸುವ ಮ್ವೇಯಾದ ಪಿಶೋರಿ ಅಕ್ಕಿಯಲ್ಲಿ ಒಮ್ಮೆ ಪಲಾವು ಮಾಡಿ ನೋಡಿ. ಇಲ್ಲಿಯ ರೈತನಿಗೂ ನಾಲ್ಕು ಕಾಸು ಸಿಕ್ಕಂತಾಗುತ್ತದೆ. ಏನಂತೀರಿ?