ಬಿಟ್ಟ ಹುಡುಗ, ಬಿಡಿಸಿದ ಹುಡುಗಿ

ಸಂಡೂರು, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಮಗನ ಓದಿನ ಮಾತು ತೆಗೆದರೆ ‘ಅಂವ ಸಾಲಿ ಬಿಟ್ಟಾನ್ರಿ’ ಎನ್ನುತ್ತಾರೆ. ಮಗಳದಾದರೆ ‘ಸಾಲಿ ಬಿಡಿಸೀವ್ರಿ’. ಬಿಟ್ಟವನು ಹುಡುಗ, ಹುಡುಗಿಯನ್ನು ಬಿಡಿಸಿದ್ದು ಮನೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶಾಲೆ ತೊರೆದ ಹುಡುಗರಲ್ಲಿ ಶೇ 35.7, ಹುಡುಗಿಯರಲ್ಲಿ ಶೇ 21.4 ಮಂದಿಯ ಹೆಸರಿನ ಮುಂದೆ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂಬ ಕಾರಣ ದಾಖಲಾಗಿದೆ. ಈ ಮಾತನ್ನು ಹಾಗೇ ನಂಬಲು ನನಗೆ ಮನಸ್ಸಿಲ್ಲ. ಇಲ್ಲಿನ ಕಬ್ಬಿಣದ ಅದಿರಿಗೆ ಚೀನಾದಿಂದ ಬೇಡಿಕೆ ಏರಿದ ವರ್ಷಗಳಲ್ಲಿ ಸಂಡೂರು–ಹೊಸಪೇಟೆ ರಸ್ತೆ ತುಂಬ ಕೆಂಪು ಧೂಳು, ಲಾರಿ ಸಾಲು. ಕ್ಲೀನರ್ ಆದ ಹುಡುಗನ ಕೈಗೆ ಸಂಜೆಗೇ ಕಾಸು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಎಂಟನೇ ತರಗತಿಗೆ ಬಿಟ್ಟವನಿಗೆ ಮೀಸೆ ಬಂದಿತ್ತು. ಚಿಕ್ಕವರ ನಡುವೆ ಮತ್ತೆ ಬೆಂಚಿನ ಮೇಲೆ ಹೇಗೆ ಕೂತಾನು?

ಹುಡುಗಿಯ ದುಡಿಮೆ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಕಂಪ್ಲಿ ಸುತ್ತ ಭತ್ತದ ನಾಟಿ ಶುರುವಾದರೆ ತಾಯಿ ಬೆಳಕು ಹರಿಯುವ ಮುನ್ನ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾಳೆ. ಹನ್ನೆರಡರ ಮಗಳು ಸೊಂಟದ ಮೇಲೆ ತಮ್ಮ, ಕೈಯಲ್ಲಿ ಕೊಡ ಹಿಡಿದು ನಲ್ಲಿಯ ಸರದಿಯಲ್ಲಿ ನಿಂತಿರುತ್ತಾಳೆ. ಶಾಲೆಗೆ ಹೋದರೆ ಕೈತಪ್ಪುವ ಗಳಿಕೆಗೆ ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎನ್ನುತ್ತಾರೆ. ಹುಡುಗನದು ಅವನ ಜೇಬಿನಲ್ಲೇ ಕಾಣುತ್ತದೆ. ಇವಳದು ತಾಯಿಯ ಕೂಲಿಯೊಳಗೆ ಅಡಗಿದೆ. ಮೊದಲು ನಾಟಿಯ ದಿನಗಳ ಗೈರು, ಆಮೇಲೆ ಅರ್ಥವಾಗದ ಗಣಿತ. ಅಷ್ಟರಲ್ಲಿ ಮೈನೆರೆಯುತ್ತಾಳೆ. ಹೈಸ್ಕೂಲು ಪಕ್ಕದೂರಿನಲ್ಲಿದ್ದರೆ ಬಸ್ಸು, ದಾರಿ, ಜನರ ಮಾತು ಎಲ್ಲವೂ ಮನೆಯವರಿಗೆ ಭಯ. ಬೆನ್ನಿಗೇ ಮದುವೆಯ ಮಾತು. ಕಡ್ಡಾಯ ಶಿಕ್ಷಣದ ಕಾಯ್ದೆಯ ರಕ್ಷಣೆಯೂ 14ಕ್ಕೇ ಮುಗಿಯುತ್ತದೆ.

ಮಗಳನ್ನು ಓದಿಸಿ ಎಂದು ಮನೆಯವರ ಮನವೊಲಿಸಿದರೆ ಸಾಕೇ? 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಸಮತಾ’ ಎಂಬ ಪ್ರಯೋಗ ನಡೆಯಿತು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು, ಅವರ ಹೆತ್ತವರು, ಊರಿನ ಹುಡುಗರು, ಶಾಲೆ, ಎಲ್ಲರೊಂದಿಗೂ ಕೆಲಸ ಮಾಡಿದರು. ಕೊನೆಗೆ ಪ್ರಯೋಗದ ಊರುಗಳಿಗೂ ಉಳಿದವಕ್ಕೂ ಹುಡುಗಿಯರು ಶಾಲೆಯಲ್ಲಿ ಉಳಿಯುವುದರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಮನಸ್ಸು ಬದಲಾದರೂ ನಾಟಿಯ ದಿನ ಕೂಸನ್ನು ನೋಡಿಕೊಳ್ಳುವವರು ಬೇಕಲ್ಲ, ಎನಿಸುತ್ತದೆ ನನಗೆ.

ಹಾಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಮೇಲೆ ನನಗೆ ತುಂಬ ಆಸೆ. ಅವನ್ನು ತೆರೆದದ್ದು ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರಿಗಾಗಿ. ತಮ್ಮ ಅಲ್ಲಿ ಆಡುತ್ತಿದ್ದರೆ ಅಕ್ಕ ತರಗತಿಯಲ್ಲಿರಬಹುದು. ಆದರೆ ನಾಟಿಯ ಟಂಟಂ ಹೊರಡುವ ಹೊತ್ತಿಗೆ ಅದರ ಬಾಗಿಲು ತೆರೆದಿರಬೇಕು.