ಬಳಸುವವರ ಕಣ್ಣಿನಿಂದ

ವಿಜಯಪುರದ ಪಶ್ಚಿಮಕ್ಕಿರುವ ತೊರವಿಯು ‘ತೊರವೆ ರಾಮಾಯಣ’ದಿಂದಾಗಿ ಕನ್ನಡಿಗರಿಗೆ ಚಿರಪರಿಚಿತವಾದ ಹೆಸರು. ಆ ಊರಿನ ನೆಲದಡಿಯಲ್ಲಿ ಆದಿಲಶಾಹಿ ಅರಸರ ಕಾಲದ ಅಪೂರ್ವ ನಿರ್ಮಾಣವೊಂದಿದೆ. ಅದೇ ಸುರಂಗ ಬಾವಡಿ. ನೀರು ತಾನಾಗಿಯೇ ನಗರದತ್ತ ಹರಿಯುವಂತೆ ನೆಲವನ್ನು ಕೊರೆದು, ಹದವಾದ ಇಳಿಜಾರಿನಲ್ಲಿ ಈ ಸುರಂಗವನ್ನು ರಚಿಸಿದರು. ನಡುನಡುವೆ ಬಾವಿಯಂತಹ ಗಂಡಿಗಳನ್ನು ತೆರೆದರು. ಒಳಗಿಳಿದವರಿಗೆ ಗಾಳಿ ದೊರೆಯಲು, ಹೂಳನ್ನು ಮೇಲೆತ್ತಲು ಅವು ಅನುಕೂಲವಾದವು. ನಗರದೊಳಗೆ ‘ಗಂಜ್’ ಎಂಬ ಗೋಪುರಗಳನ್ನು ಕಟ್ಟಿ, ಕೊಳವೆಗಳ ಮೇಲೆ ಬೀಳುವ ನೀರಿನ ಒತ್ತಡವನ್ನು ತಗ್ಗಿಸಿದರು. ಕೊಡವನ್ನು ತುಂಬಿಕೊಂಡ ಗೃಹಿಣಿಗೆ ಈ ಲೆಕ್ಕಾಚಾರಗಳಲ್ಲಿ ಒಂದೂ ತಿಳಿದಿರಬೇಕಾಗಿರಲಿಲ್ಲ. ಕಷ್ಟವನ್ನು ನಿರ್ಮಿಸುವವನು ಹೊತ್ತು, ಸುಲಭವನ್ನು ಬಳಸುವವರಿಗೆ ಬಿಟ್ಟುಕೊಡುವುದೇ ಉತ್ತಮ ವಿನ್ಯಾಸದ ಲಕ್ಷಣ.

ಇಂದು ಬ್ಯಾಂಕು, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲೆಡೆಯೂ ಯಂತ್ರಗಳು ಬಂದಿವೆ. ಅಂಗೈಯಗಲದ ಫೋನಿನಲ್ಲಿಯೇ ಹಣವನ್ನು ಕಳುಹಿಸಬಹುದು, ಅರ್ಜಿಯನ್ನು ಸಲ್ಲಿಸಬಹುದು. ಇಂತಹ ಯಂತ್ರಗಳು ಜನರ ಕೈಗೂ ಮನಸ್ಸಿಗೂ ಒಗ್ಗುವಂತೆ ಯೋಜಿಸುವ ವಿದ್ಯೆಗೆ ‘ಬಳಕೆದಾರರ ಅನುಭವ ವಿನ್ಯಾಸ’ ಎಂದು ಹೆಸರು. ಹೆಸರು ಹೊಸದಾದರೂ ಅದರ ತತ್ತ್ವ ಹಳೆಯದು. ಈ ವಿದ್ಯೆಯನ್ನು ಅಭ್ಯಾಸ ಮಾಡುವವರಿಗೆ ನೆರವಾಗುವ ಕೆಲವು ಕ್ರಮಗಳನ್ನು ಇಲ್ಲಿ ನೋಡೋಣ.

ಮೊದಲನೆಯದು, ಪ್ರಶ್ನಿಸುವುದು. ಭಾರತ ಸರ್ಕಾರದ ಆಹ್ವಾನದಂತೆ ಬಂದ ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. ಅವರ ಮನಸ್ಸನ್ನು ಅತಿಯಾಗಿ ಸೆಳೆದುದು ನಮ್ಮ ಮನೆಮನೆಯ ತಂಬಿಗೆ! ಅದರಲ್ಲಿ ಎಷ್ಟು ನೀರು ಹಿಡಿಸಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು? ಅದನ್ನು ಹೊರುವುದು ತಲೆಯ ಮೇಲೋ, ಸೊಂಟದ ಮೇಲೋ? ತುಂಬಿದಾಗ ಅದರ ತೂಕ ಹೇಗೆ ನಿಲ್ಲುತ್ತದೆ? ಒಳಗೆ ಕೈಹಾಕಿ ತೊಳೆಯಲು ಬರುತ್ತದೆಯೆ? ಯಾರೋ ಒಬ್ಬನು ಕುಳಿತು ಇವೆಲ್ಲಕ್ಕೂ ಉತ್ತರವನ್ನು ಹುಡುಕಲಿಲ್ಲ. ತಲೆಮಾರುಗಳ ಬಳಕೆಯೇ ತಂಬಿಗೆಯನ್ನು ತಿದ್ದಿತು. ಇಂದಿನ ವಿನ್ಯಾಸಕಾರನಿಗೆ ಅಷ್ಟು ಕಾಲಾವಕಾಶವಿಲ್ಲ. ಆದುದರಿಂದ ಅವನು ಆ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಬೇಕು. ಈ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು.

ಎರಡನೆಯದು, ಬಳಸುವವರಲ್ಲಿ ಇಲ್ಲದುದನ್ನು ಬೇಡದಿರುವುದು. 1951ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 18 ಮಂದಿ ಮಾತ್ರ ಸಾಕ್ಷರರಾಗಿದ್ದರು. ಅಕ್ಷರ ಬಾರದವರು ಮತ ಹಾಕುವುದೆಂತು? 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆಯನ್ನಿಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಿದರು. ಓದು ಬಾರದಿರುವುದು ಮತದಾರನ ಅನರ್ಹತೆಯಾಗಲಿಲ್ಲ. ಅದು ವ್ಯವಸ್ಥೆಯು ಬಿಡಿಸಬೇಕಾದ ಸಮಸ್ಯೆಯಾಯಿತು.

ಮೂರನೆಯದು, ಮಾಡಿದ ಕೆಲಸಕ್ಕೆ ಉತ್ತರ ಕೊಡುವುದು. ಇಂದಿನ ಮತಯಂತ್ರದ ಗುಂಡಿಯನ್ನು ಒತ್ತಿದೊಡನೆ ದೀಪವು ಬೆಳಗುತ್ತದೆ, ಸದ್ದು ಕೇಳಿಸುತ್ತದೆ. ಪಕ್ಕದ ಗಾಜಿನ ಹಿಂದೆ ಚಿಹ್ನೆಯುಳ್ಳ ಚೀಟಿಯು ಏಳು ಸೆಕೆಂಡುಗಳ ಕಾಲ ಕಾಣಿಸುತ್ತದೆ. ಅಂಧ ಮತದಾರರಿಗಾಗಿ ಯಂತ್ರದ ಮೇಲೆ ಬ್ರೈಲ್ ಲಿಪಿಯ ಅಂಕಿಗಳೂ ಇವೆ. ‘ನನ್ನ ಮತ ಬಿದ್ದಿತೆ?’ ಎಂಬ ಸಂಶಯದೊಡನೆ ಯಾರೂ ಹೊರನಡೆಯಬೇಕಾಗಿಲ್ಲ.

ನಾಲ್ಕನೆಯದು, ಬಳಸುವವರ ನುಡಿಗೆ ಮನ್ನಣೆ ನೀಡುವುದು. ಆಂಗ್ಲ ಅಕ್ಷರಗಳ ಕೀಲಿಮಣೆಯಲ್ಲಿ ಕನ್ನಡದ ಅಸಂಖ್ಯಾತ ಕಾಗುಣಿತ ಹಾಗೂ ಒತ್ತಕ್ಷರಗಳನ್ನು ಮೂಡಿಸುವುದು ದುಸ್ಸಾಧ್ಯವೆನಿಸಿತ್ತು. ಕೆ. ಪಿ. ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ಧ್ವನಿಗೆ ಹೊಂದುವ ಕೀಲಿಗಳನ್ನು ಒತ್ತಿದರೆ ಸಾಕು, ಅಕ್ಷರಗಳನ್ನು ಜೋಡಿಸುವ ಹೊಣೆ ಯಂತ್ರದ್ದಾಯಿತು. ‘ನುಡಿ’ ತಂತ್ರಾಂಶದ ಮೂಲಕ ಈ ವಿನ್ಯಾಸವು ನಾಡಿನಾದ್ಯಂತ ಕಚೇರಿಗಳನ್ನು ತಲುಪಿತು.

ಐದನೆಯದು, ಪರೀಕ್ಷಿಸಿ ತಿದ್ದುವುದು. ಇದಕ್ಕೆ ದುಬಾರಿಯಾದ ಸಾಧನಗಳು ಬೇಕಿಲ್ಲ. ಹಾಳೆಯ ಮೇಲೆ ಪರದೆಯ ಚಿತ್ರವನ್ನು ಬರೆದು, ಬಳಸಲಿರುವ ನಾಲ್ಕಾರು ಮಂದಿಯ ಮುಂದಿಟ್ಟು, ಬಾಯಿಮುಚ್ಚಿಕೊಂಡು ನೋಡಬೇಕು. ಅವರ ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿಯೇ ದೋಷವಿದೆ. ವಿವರಿಸಿ ಹೇಳಬೇಕೆನಿಸಿದರೆ ವಿನ್ಯಾಸವು ಇನ್ನೂ ಅಪಕ್ವವೆಂದೇ ತಿಳಿಯಬೇಕು.

ಈ ಎಲ್ಲ ಕ್ರಮಗಳ ಹಿಂದೆ ಒಂದು ಮಾನವೀಯ ನಂಬಿಕೆಯಿದೆ. ಡೊನಾಲ್ಡ್ ನಾರ್ಮನ್ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸಿದರು: ವಸ್ತುವು ಕೆಟ್ಟದಾಗಿ ರಚಿತವಾಗಿದ್ದರೂ ಜನರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಣದ ಯಂತ್ರದ ಮುಂದೆ ನಿಂತ ವೃದ್ಧೆಯೊಬ್ಬಳು ‘ನನಗೇನು ತಿಳಿದೀತು, ನಾನು ಓದಿದವಳಲ್ಲ’ ಎಂದು ಹಿಂದಿರುಗಿದರೆ ಅವಳು ಕಳೆದುಕೊಳ್ಳುವುದು ಆ ದಿನದ ಹಣವನ್ನು ಮಾತ್ರವಲ್ಲ, ತನ್ನ ಮೇಲಿನ ವಿಶ್ವಾಸವನ್ನೂ ಹೌದು. ಗುಟ್ಟಿನ ಸಂಖ್ಯೆಯನ್ನು ಪರರಿಗೆ ಹೇಳಿ ಅವರನ್ನೇ ಆಶ್ರಯಿಸುವ ಸ್ಥಿತಿಯೂ ಅವಳಿಗೆ ಒದಗಬಹುದು. ಇಲ್ಲಿ ಸೋತದ್ದು ವೃದ್ಧೆಯಲ್ಲ, ಯಂತ್ರ.

ನಿಮ್ಮಲ್ಲಿ ಕೆಲವರು ಮುಂದೆ ಇಂತಹ ಯಂತ್ರಗಳನ್ನು ರಚಿಸುವವರಾಗಬಹುದು. ಅದಕ್ಕೆ ಬೇಕಾದ ಮೊದಲ ಪಾಠವನ್ನು ಇಂದೇ ಆರಂಭಿಸಬಹುದು. ಯಾರಾದರೂ ಒಂದು ವಸ್ತುವಿನ ಮುಂದೆ ತಬ್ಬಿಬ್ಬಾಗಿ ನಿಂತಾಗ ನಗದಿರಿ; ಆ ವಸ್ತು ಅವರಿಗೆ ಏನನ್ನು ಹೇಳಲು ಮರೆಯಿತು ಎಂಬುದನ್ನು ಗಮನಿಸಿರಿ.